ಎರಡನೇ ದನಿಗೆ ಬಿಟ್ಟ ಜಾಗ

ಆಕೆಯ ಮುಖ ನೋಡುವ ಮೊದಲು ನಾನು ಆಕೆಯ ದನಿ ಕೇಳಿದೆ. ಕ್ಲಿನಿಕ್ಕಿನ ಒಳಕೋಣೆಯಲ್ಲಿ ಕೂತು ಹಿಂದಿನ ಪೇಶಂಟಿನ ವರದಿ ಟೈಪ್ ಮಾಡುತ್ತಿದ್ದೆ. ಹೊರಗೆ ಕೌಂಟರಿನ ಹತ್ತಿರ ಯಾರೋ ವಯಸ್ಸಾದ ಹೆಂಗಸು, ಪಾರ್ಕಿಂಗ್ ಲಾಟಿನಲ್ಲಿ ಐಸ್ ಕಟ್ಟಿದೆ, ಯಾರಾದರೂ ಬಿದ್ದಾರು, ಅದು ಕರಗುವ ಹಾಗೆ ಒಂದಿಷ್ಟು ಉಪ್ಪು ಹಾಕಿಸಿ ಎಂದು ಹೇಳುತ್ತಿದ್ದರು. ಇಷ್ಟೇ ಮಾತು. ನನ್ನ ಬೆರಳು ಕೀಬೋರ್ಡಿನ ಮೇಲೆ ನಿಂತುಬಿಟ್ಟಿತು. ಆ ದನಿ ನನಗೆ ಗೊತ್ತಿತ್ತು. ಸ್ವಲ್ಪ ಒರಟು, ಮಾತಿನ ಕೊನೆಯಲ್ಲಿ ಒಂದು ಸಣ್ಣ ಏರು. ಎಲ್ಲಿ ಕೇಳಿದ್ದು ಎನ್ನುವುದು ಮಾತ್ರ ಹೊಳೆಯಲಿಲ್ಲ.

ನಾನು ಆಡಿಯಾಲಜಿಸ್ಟ್. ಮೈಸೂರಿನಲ್ಲಿ ಓದಿ, ಮದುವೆಯಾಗಿ ಈ ದೇಶಕ್ಕೆ ಬಂದು, ಇಲ್ಲಿನ ಪರೀಕ್ಷೆಗಳನ್ನು ಮೊದಲಿನಿಂದ ಮತ್ತೆ ಬರೆದು, ಕಳೆದ ಇಪ್ಪತ್ತು ವರ್ಷಗಳಿಂದ ನ್ಯೂಜೆರ್ಸಿಯ ರೂಟ್ ಒನ್ ಹೆದ್ದಾರಿಯ ಪಕ್ಕದ ಒಂದು ಕ್ಲಿನಿಕ್ಕಿನಲ್ಲಿ ಜನರ ಕಿವಿ ಪರೀಕ್ಷೆ ಮಾಡುತ್ತೇನೆ, ಹಿಯರಿಂಗ್ ಏಡ್ ಕೂರಿಸುತ್ತೇನೆ. ಮನೆ ಕೆಂಡಲ್ ಪಾರ್ಕಿನಲ್ಲಿ. ದನಿಗಳನ್ನು ನೆನಪಿಟ್ಟುಕೊಳ್ಳುವುದು ನನ್ನ ಕೆಲಸದಿಂದ ಬಂದ ಅಭ್ಯಾಸ ಎಂದು ಹೇಳಬಹುದು. ಆದರೆ ಈ ದನಿ ಕ್ಲಿನಿಕ್ಕಿನದಲ್ಲ ಎನ್ನುವುದು ಆ ಕ್ಷಣಕ್ಕೇ ಗೊತ್ತಾಗಿತ್ತು.

ಮುಂದೆ ಬರುವ ಮಾತೆಲ್ಲ ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರೊಂದು ಬೇಡ, ಉಳಿದದ್ದು ಏನು ಬೇಕಾದರೂ ಬರಿ" ಎಂದರು. ಆಕೆ ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಕನ್ನಡವಾಗಿ ಕೂತಿದೆ, ಹಾಗೇ ಇಲ್ಲಿ ಇಡುತ್ತೇನೆ.

ಒಳಗೆ ಬಂದವರಿಗೆ ಎಪ್ಪತ್ತನಾಲ್ಕು ವರ್ಷ. ಎತ್ತರದ ಆಳು, ಬಿಳಿ ಕೂದಲಿನ ಒಂಟಿ ಜಡೆ, ಗಂಡಸರ ಕೋಟು. ಪೆಪ್ಪರ್‌ಮಿಂಟಿನ ಒಂದು ತಗಡಿನ ಡಬ್ಬಿಯಿಂದ ಎರಡು ಹಿಯರಿಂಗ್ ಏಡ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಬೇರೆ ಕಡೆ ಮಾಡಿಸಿದವು.

"ಇವನ್ನು ಹಾಕಿಕೊಂಡರೆ ಜನರ ಮಾತು ಕೇಳಿಸುತ್ತೆ ಹನಿ. ಆದರೆ ನನ್ನ ಗಿಟಾರು ನೀರಿನೊಳಗೆ ಮುಳುಗಿ ಅತ್ತ ಹಾಗೆ ಕೇಳಿಸುತ್ತೆ. ನನಗೆ ಗಿಟಾರು ಬೇಕು. ಜನರ ಮಾತು ಇಷ್ಟು ವರ್ಷ ಕೇಳಿದ್ದು ಸಾಕು."

ಎಲ್ಲರನ್ನೂ ಹನಿ, ಅಂದರೆ ಇಂಗ್ಲಿಷಿನ ಜೇನು, ಎನ್ನುವುದು ಆಕೆ ಹುಟ್ಟಿ ಬೆಳೆದ ಬೆಟ್ಟದ ಕಡೆಯ ರೂಢಿ. ನನಗೆ ಮಾತ್ರ ಪ್ರತಿ ಸಲವೂ ಕನ್ನಡದ ಹನಿಯೇ ಕೇಳಿಸುತ್ತಿತ್ತು, ನಲ್ಲಿಯಿಂದ ತೊಟ್ಟಿಕ್ಕಿದ ಹಾಗೆ.

"ಗಿಟಾರು ನುಡಿಸ್ತೀರಾ?" ಎಂದೆ.

"ಹಾಡ್ತೀನಿ. ಕಂಟ್ರಿ ಅಂತಾರೆ, ಫೋಕ್ ಅಂತಾರೆ. ಅಂಗಡಿಯವರಿಗೆ ಯಾವ ಕಪಾಟಿನಲ್ಲಿ ಇಡಬೇಕು ಅಂತ ಯಾವತ್ತೂ ಗೊತ್ತಾಗಲಿಲ್ಲ. ಐದು ರೆಕಾರ್ಡು ಮಾಡಿದ್ದೆ. ಕೊನೇದು ಮಾಡಿ ಹದಿನೆಂಟು ವರ್ಷ ಆಯ್ತು. ಈಗ ಮತ್ತೊಂದು ಮಾಡಬೇಕು."

ಆಗ ಹೊಳೆಯಿತು. ವೃತ್ತಿ ಧರ್ಮ ಮರೆತು ನಾನು ಕೇಳಿಬಿಟ್ಟೆ: "ಬೀನ್ಸ್ ಬಳ್ಳಿ ಕಿಟಕಿಯವರೆಗೆ ಹತ್ತಿತು ಅಂತ ಒಂದು ಹಾಡಿದೆಯಲ್ಲ, ಅದು ನಿಮ್ಮದಾ?"

ಆಕೆ ತಗಡಿನ ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ, "ಅದು ನಿನಗೆ ಎಲ್ಲಿ ಸಿಕ್ತು?" ಎಂದರು.

ಸಿಕ್ಕಿದ್ದು ಕಾರಿನಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ನಾವು ಇದೇ ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ನನ್ನ ಗಂಡ ಹತ್ತಿರದ ಒಂದು ಆಫೀಸಿನಲ್ಲಿ ಕನ್ಸಲ್ಟಂಟ್. ಈಗ ಅವರನ್ನು ಗಂಡ ಎನ್ನುವಂತಿಲ್ಲ. ಆಗಿನ ಮಾತು ಹೇಳುವಾಗ ಬೇರೆ ಪದ ಗೊತ್ತಿಲ್ಲ. ಯಾರದೋ ಕೈಯಿಂದ ಹಳೆಯ ಕಾರೊಂದನ್ನು ತಂದರು. ಅದರ ಪ್ಲೇಯರಿನೊಳಗೆ ಹಿಂದಿನವರ ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು. ಹೊರಗೆ ತೆಗೆಯುವ ಬಟನ್ ಒತ್ತಿದರೆ ಒಳಗೇ ಕುಂಯ್‌ಗುಟ್ಟಿ ಸುಮ್ಮನಾಗುತ್ತಿತ್ತು. ಇವರು ಚಮಚದ ಹಿಡಿ, ಕೂದಲಿನ ಪಿನ್ನು ಎಲ್ಲ ಹಾಕಿ ನೋಡಿ ಸೋತರು.

"ಇದು ಹೊರಗೆ ಬರಲ್ಲ ಕಣೇ. ಇರ್ಲಿ ಬಿಡು, ಹಾಡ್ಕೊಂಡು ಬಿದ್ದಿರ್ಲಿ."

ರೇಡಿಯೋ ಕೆಟ್ಟಿತ್ತು. ಹಾಗಾಗಿ ಎರಡೂವರೆ ವರ್ಷ ಆ ಕಾರಿನಲ್ಲಿ ನಾವು ಕೇಳಿದ್ದು ಒಂದೇ ಕ್ಯಾಸೆಟ್ಟು. ಲೇಬಲ್ ಒಳಗಡೆಯಿದ್ದುದರಿಂದ ಹಾಡುತ್ತಿರುವವರು ಯಾರೆಂದು ತಿಳಿಯಲೇ ಇಲ್ಲ. ತಿಂಗಳಿಗೊಮ್ಮೆ ನ್ಯೂಯಾರ್ಕ್ ನಗರದಾಚೆ ಹಿಕ್ಸ್‌ವಿಲ್‌ನಲ್ಲಿದ್ದ ಇವರ ಚಿಕ್ಕಪ್ಪನ ಮನೆಗೆ ಊಟಕ್ಕೆ ಹೋಗುತ್ತಿದ್ದೆವು. ಸೇತುವೆಗಳ ಮೇಲೆ ಟ್ರಾಫಿಕ್ಕು ನಿಂತರೆ ಕ್ಯಾಸೆಟ್ಟು ಎರಡು ಸುತ್ತು ಮುಗಿಸಿ ಮೂರನೆಯದಕ್ಕೆ ತಿರುಗುತ್ತಿತ್ತು. ನನಗೆ ಅಮೆರಿಕದ ಇಂಗ್ಲಿಷ್ ಕಿವಿಗೆ ಹತ್ತಿದ್ದೇ ಆ ಹಾಡುಗಳಿಂದ. ಅಲ್ಲಿದ್ದ ಹಾಡುಗಳಲ್ಲಿ ನನಗೆ ಬಲು ಇಷ್ಟವಾದದ್ದು ಬೀನ್ಸ್ ಬಳ್ಳಿಯದು. ಬೆಟ್ಟದಾಚೆ ಕೆಲಸಕ್ಕೆ ಹೋದವನಿಗೆ ಒಬ್ಬಳು ಪ್ರತಿ ಚರಣದಲ್ಲೂ ಬಳ್ಳಿ ಎಲ್ಲಿಯವರೆಗೆ ಹತ್ತಿತು ಎಂದು ತಿಳಿಸುತ್ತಾಳೆ. ಬೇಲಿಯವರೆಗೆ, ಕಿಟಕಿಯವರೆಗೆ, ಸೂರಿನವರೆಗೆ. ಪ್ರತಿ ಸಾಲಿನ ನಂತರ ಒಂದು ಗಂಡುದನಿ ಕೆಳಗಿನ ಸ್ಥಾಯಿಯಲ್ಲಿ "ಎ ಲಿಟಲ್ ಲಾಂಗರ್" ಎಂದು ಉತ್ತರ ಕೊಡುತ್ತದೆ. ಇನ್ನು ಸ್ವಲ್ಪ ದಿನ. ಅಷ್ಟೇ ಅವನ ಮಾತು.

ಆ ಗಂಡುದನಿಯನ್ನು ನನ್ನ ಗಂಡ ಹಾಡುತ್ತಿದ್ದರು, ಸ್ಟೀರಿಂಗ್ ಮೇಲೆ ಎರಡು ಬೆರಳಿನಿಂದ ತಾಳ ಹಾಕುತ್ತ. ಶ್ರುತಿ ಎನ್ನುವುದು ಅವರ ಹತ್ತಿರವೂ ಸುಳಿದಿರಲಿಲ್ಲ. ನಾನು ಸಪ್ಪಗಿದ್ದ ದಿನ "ಲಿಟಲ್ ಲಡ್ಡು" ಎಂದು ಹಾಡಿ ನಗಿಸುತ್ತಿದ್ದರು. ಮೊದಲ ಚಳಿಗಾಲದಲ್ಲಿ ನಾನು ಸಪ್ಪಗಿದ್ದ ದಿನಗಳೇ ಹೆಚ್ಚು. ಕಡೆಗೆ ಆ ಕಾರು ಗುಜರಿಗೆ ಹೋದಾಗ ಕ್ಯಾಸೆಟ್ಟೂ ಅದರೊಳಗೇ ಹೋಯಿತು.

ಇಷ್ಟನ್ನೂ ಆಕೆಗೆ ಹೇಳಿದೆ. ಲಡ್ಡು ಎಂದರೇನು ಎಂದೂ ಹೇಳಿದೆ. ಆಕೆ ಜೋರಾಗಿ ನಕ್ಕರು.

"ಆ ಗಂಡುದನಿ ನನ್ನ ಮನೆಯವನದು. ಇಲ್ಲೇ ಸ್ಕೂಲಿನಲ್ಲಿ ಮ್ಯೂಸಿಕ್ ಟೀಚರಾಗಿದ್ದ. ಬೆಟ್ಟದಿಂದ ಇಳಿದು ನಾನು ನ್ಯೂಜೆರ್ಸಿಗೆ ಬಂದು ಬಿದ್ದಿದ್ದೇ ಅವನಿಂದ. ಐದು ರೆಕಾರ್ಡಿನಲ್ಲೂ ಎರಡನೇ ದನಿ ಅವನೇ." ಕೋಟಿನ ತೋಳನ್ನು ಒಮ್ಮೆ ಸವರಿಕೊಂಡರು. "ಆಮೇಲೆ ಅವನಿಗೆ ಕಾಯಿಲೆ ಬಂತು. ಹನ್ನೊಂದು ವರ್ಷ. ಹಾಡೋದಕ್ಕೆ ಎಲ್ಲಿ ಪುರುಸೊತ್ತು? ಹೋದ ವರ್ಷ ಹೋದ. ಹಾಡುಗಳು ಈಗ ಬರ್ತಿವೆ ನೋಡು, ಊಟದ ಹೊತ್ತು ಮೀರಿ ಬರೋ ನೆಂಟರ ಹಾಗೆ."

ಅವತ್ತಿನಿಂದ ಎರಡು ತಿಂಗಳು, ವಾರಕ್ಕೊಮ್ಮೆ, ಆಕೆ ಗಿಟಾರು ಹಿಡಿದುಕೊಂಡೇ ಕ್ಲಿನಿಕ್ಕಿಗೆ ಬಂದರು. ಹಿಯರಿಂಗ್ ಏಡ್ ತಾನಾಗಿ ಶಿಳ್ಳೆ ಹೊಡೆಯದಂತೆ ನೋಡಿಕೊಳ್ಳುವ ಒಂದು ವ್ಯವಸ್ಥೆ ಅದರೊಳಗೇ ಇರುತ್ತದೆ. ತಂತಿ ಮೀಟಿದಾಗ ಎಳೆದು ನಿಲ್ಲುವ ನಾದವನ್ನೂ ಅದು ಶಿಳ್ಳೆಯೆಂದು ತಿಳಿದು ಅದುಮಲು ಹೋಗುತ್ತದೆ, ನಾದ ನಡುಗುತ್ತದೆ. ಆಕೆಗೆ ಕೇಳಿಸುತ್ತಿದ್ದ ಅಳು ಅದೇ. ನಾನು ಆ ವ್ಯವಸ್ಥೆಯನ್ನು ಆಫ್ ಮಾಡಿದೆ. ಗಟ್ಟಿ ಸದ್ದನ್ನು ತಗ್ಗಿಸುವುದನ್ನೂ ಸಡಿಲ ಮಾಡಿದೆ. ಸಂಗೀತಕ್ಕೆಂದೇ ಬೇರೆ ಒಂದು ಸೆಟ್ಟಿಂಗ್ ಮಾಡಿ, ಬಟನ್ ಒತ್ತಿದರೆ ಬರುವ ಹಾಗೆ ಇಟ್ಟೆ. ನಾನು ಲ್ಯಾಪ್‌ಟಾಪಿನಲ್ಲಿ ಒಂದೊಂದೇ ಬದಲಾಯಿಸುವುದು, ಆಕೆ ಒಂದೊಂದೇ ತಂತಿ ಮೀಟಿ ತಲೆಯಾಡಿಸುವುದು ಅಥವಾ ಮುಖ ಗಂಟಿಕ್ಕುವುದು. ಹೀಗೇ ಮಾಡುತ್ತ ಒಂದು ಮಧ್ಯಾಹ್ನ ಆಕೆ ಇದ್ದಕ್ಕಿದ್ದ ಹಾಗೆ ನಿಲ್ಲಿಸಿ, "ಇದು, ಇದು ನನ್ನ ಗಿಟಾರು" ಎಂದರು. ಗಿಟಾರಿನ ಮೇಲೆ ಗಲ್ಲವಿಟ್ಟು ಕಣ್ಣು ಮುಚ್ಚಿಕೊಂಡರು. ಹೊರಗೆ ಮುಂದಿನ ಪೇಶಂಟು ಕಾಯುತ್ತಿದ್ದರು. ನಾನು ಎದ್ದು ಬಾಗಿಲು ತೆಗೆಯಲಿಲ್ಲ.

ಕೆಟ್ಟ ಸುದ್ದಿ ಬಂದದ್ದು ಸ್ಟುಡಿಯೋದಲ್ಲಿ. ಡೆಲವೇರ್ ನದಿಯ ಕಡೆ ಒಂದು ಮನೆಯ ಹಿಂದೆ, ಹಳೆಯ ಗರಾಜನ್ನು ಸ್ಟುಡಿಯೋ ಮಾಡಿಕೊಂಡಿದ್ದ ಸೌಂಡ್ ಇಂಜಿನಿಯರ್ ಆಕೆಯ ಹಳೆಯ ಪರಿಚಯ. ಅರವತ್ತರ ಸುಮಾರಿನ ದಪ್ಪ ಮನುಷ್ಯ, ಮಾತು ಕಡಿಮೆ. ರೆಕಾರ್ಡಿಂಗಿನ ಮೊದಲ ದಿನ ನಾನೂ ಬರಬೇಕು ಎಂದು ಆಕೆ ಹಟ ಹಿಡಿದರು. ಶನಿವಾರ ಲ್ಯಾಪ್‌ಟಾಪ್ ಹಿಡಿದು ಡ್ರೈವ್ ಮಾಡಿಕೊಂಡು ಹೋದೆ.

ಮೊದಲ ಹಾಡು ಹಾಡಿ ಮುಗಿಸಿ ಆಕೆ ಖುಷಿಯಾಗಿದ್ದರು. ಇಂಜಿನಿಯರ್ ಅದನ್ನು ಹಾಕಿ ಕೇಳಿಸಿದ. ಮೇಲಿನ ಸ್ವರಗಳಲ್ಲಿ ದನಿ ಗಿಟಾರಿಗಿಂತ ಒಂದು ಎಳೆ ಕೆಳಗಿತ್ತು. ನನಗೆ ಕೇಳಿಸಿತು, ಅವನಿಗೂ ಕೇಳಿಸಿತು. ಆಕೆ ನಮ್ಮಿಬ್ಬರ ಮುಖ ನೋಡಿದರು.

"ಏನು?"

ಅವನು ಹೇಳಿದ. ಕಂಪ್ಯೂಟರಿನಲ್ಲಿ ಸರಿಮಾಡಬಹುದು, ಈಗ ಎಲ್ಲರೂ ಮಾಡುತ್ತಾರೆ, ಯಾರಿಗೂ ತಿಳಿಯುವುದಿಲ್ಲ ಎಂದೂ ಹೇಳಿದ.

ನಾನು ಆಕೆಯ ಒಂದೊಂದೇ ಕಿವಿ ಮುಚ್ಚಿಸಿ ಒಂದೇ ತಂತಿ ಮೀಟಿಸಿದೆ. ಎಡಗಿವಿಯಲ್ಲಿ ಒಂದು ಸ್ವರ, ಬಲಗಿವಿಯಲ್ಲಿ ಇನ್ನೊಂದು. ಒಳಗಿವಿ ಹಾಳಾದಾಗ ಕೆಲವರಿಗೆ ಹೀಗಾಗುತ್ತದೆ. ಒಂದೇ ನಾದ ಎರಡು ಕಿವಿಗೆ ಎರಡಾಗಿ ಕೇಳಿಸುತ್ತದೆ. ಮಾತಿಗೆ ಅಷ್ಟು ತೊಂದರೆಯಿಲ್ಲ. ಹಾಡುವವರಿಗೆ ನರಕ. ಕ್ಲಿನಿಕ್ಕಿನಲ್ಲಿ ಗಿಟಾರಿನ ಬೆನ್ನು ಹತ್ತಿದ ನಾನು ಇದನ್ನು ನೋಡಿಯೇ ಇರಲಿಲ್ಲ.

"ಇದಕ್ಕೆ ಮೆಷೀನಿನಲ್ಲಿ ಏನೂ ಮಾಡೋಕಾಗಲ್ಲ. ಐ ಆಮ್ ಸಾರಿ. ನಾನು ಮೊದಲೇ ಟೆಸ್ಟ್ ಮಾಡಬೇಕಿತ್ತು" ಎಂದೆ.

"ಯಾವ ಕಿವಿ ಸುಳ್ಳು ಹೇಳ್ತಿದೆ?"

"ಎಡಗಿವಿ."

"ಅವನು ನನ್ನ ಎಡಗಡೆ ನಿಂತು ಹಾಡ್ತಿದ್ದ" ಎಂದರು. ಗಿಟಾರನ್ನು ಪೆಟ್ಟಿಗೆಯಲ್ಲಿ ಮಲಗಿಸಿ, ಕೋಟು ಹಾಕಿಕೊಂಡು ಹೊರಟುಹೋದರು.

ಮೂರು ವಾರ ಸುದ್ದಿಯಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಆ ದಿನಗಳಲ್ಲಿ ನನಗೂ ಏನೋ ಆಗಿತ್ತು. ಕೆಂಡಲ್ ಪಾರ್ಕಿನ ಮನೆಯಲ್ಲಿ ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಆ ಕ್ಯಾಸೆಟ್ಟಿನ ಹಾಡುಗಳೇ ತಲೆಯಲ್ಲಿ ಸುತ್ತುತ್ತಿದ್ದವು. ಹಾಡಿನ ಹಿಂದೆಯೇ ಕಾರು, ಕಾರಿನೊಳಗೆ ಹೀಟರಿನ ವಾಸನೆ, ಸ್ಟೀರಿಂಗ್ ಮೇಲಿನ ಎರಡು ಬೆರಳು.

ನಮ್ಮದು ದೊಡ್ಡ ಜಗಳವೇನಲ್ಲ. ಇವರಿಗೆ ಬೇರೆ ಊರಿನ ಪ್ರಾಜೆಕ್ಟುಗಳು ಬಂದವು. ಎಂಟು ವರ್ಷ ಸೋಮವಾರ ಬೆಳಿಗ್ಗೆ ಹೋಗಿ ಗುರುವಾರ ಸಂಜೆ ಬರುತ್ತಿದ್ದರು. ಬಂದ ಮೇಲೆ ಹೇಳಬೇಕಾದ ಮಾತುಗಳನ್ನು ಮೊದಮೊದಲು ಕೂಡಿಟ್ಟುಕೊಳ್ಳುತ್ತಿದ್ದೆ. ಆಮೇಲೆ ಅವು ಮರೆಯತೊಡಗಿದವು. ಒಂದು ಗುರುವಾರ ಫ್ಲೈಟು ಕ್ಯಾನ್ಸಲ್ ಆಯಿತು, ಬರುವುದು ನಾಳೆ ಎಂದು ಫೋನ್ ಬಂದಾಗ ನನಗೆ ಹಗುರವೆನಿಸಿತು. ಶುಕ್ರವಾರ ಅವರು ಬಂದಾಗ ಅದನ್ನು ಅವರಿಗೇ ಹೇಳಿದೆ. "ನಂಗೂ ಹಂಗೇ ಅನ್ನಿಸ್ತು" ಎಂದರು. ಮಗಳು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಡೈವೋರ್ಸ್ ಆಯಿತು. ಕೋರ್ಟಿನಿಂದ ಹೊರಗೆ ಬಂದಾಗ ಇಬ್ಬರಿಗೂ ಹೊಟ್ಟೆ ಹಸಿದಿತ್ತು, ಒಟ್ಟಿಗೆ ಹೋಗಿ ದೋಸೆ ತಿಂದೆವು. ಅವರು ಮತ್ತೆ ಪಾರ್ಸಿಪನಿಗೆ ಹೋಗಿ ಬಾಡಿಗೆಗಿದ್ದರು. ನನ್ನ ಮನೆಯಿಂದ ಒಂದು ಗಂಟೆಯ ದಾರಿಯೂ ಇಲ್ಲ. ಐದು ವರ್ಷದಲ್ಲಿ ನಾಲ್ಕೈದು ಸಲ ನೋಡಿದ್ದೆ, ಮಗಳ ಸಲುವಾಗಿ. ಆಗೆಲ್ಲ ನನ್ನ ದೊಡ್ಡ ಕಷ್ಟವೆಂದರೆ ಅವರನ್ನು ಏನೆಂದು ಕರೆಯುವುದು. ಇಪ್ಪತ್ತೆರಡು ವರ್ಷ "ರೀ" ಎಂದಿದ್ದೆ. ಹೆಸರು ಹಿಡಿದು ಕರೆಯಲು ನಾಲಿಗೆ ಏಳುವುದಿಲ್ಲ. "ರೀ" ಎನ್ನುವ ಹಾಗಿಲ್ಲ. ಅವರು ನನ್ನ ಕಡೆ ನೋಡುವವರೆಗೆ ಕಾದಿದ್ದು ಮಾತು ಶುರುಮಾಡುತ್ತಿದ್ದೆ.

ನಾಲ್ಕನೇ ವಾರ ಆಕೆಯೇ ಫೋನ್ ಮಾಡಿದರು.

"ಶನಿವಾರ ಬಾ ಹನಿ. ಎಡಗಡೆದು ಬೇಡ, ಬಲಗಡೆದೊಂದೇ ಸಾಕು. ಎಲ್ಲಾ ಹಾಡನ್ನೂ ಕೆಳಗಿಳಿಸಿದೀನಿ."

ನಿಜಕ್ಕೂ ಇಳಿಸಿದ್ದರು. ಕ್ಯಾಸೆಟ್ಟಿನಲ್ಲಿ ಏರಿ ಹೋಗುತ್ತಿದ್ದ ದನಿ ಈಗ ಅಡುಗೆಮನೆಯಲ್ಲಿ ಕೂತು ಮಾತಾಡಿದ ಹಾಗಿತ್ತು. ಎಡಗಿವಿಗೆ ಗಟ್ಟಿಯಾಗಿ ಒಂದು ಬಿರಡೆ. ಕಂಪ್ಯೂಟರಿನ ತಿದ್ದುಪಡಿ ಬೇಡವೆಂದು ಖಡಾಖಂಡಿತ ಹೇಳಿದರು. ಎಲ್ಲೋ ಒಂದೊಂದು ಸ್ವರ ಜಾರಿದರೆ, "ಇರಲಿ, ಎಪ್ಪತ್ತನಾಲ್ಕು ವರ್ಷಕ್ಕೆ ಮೊಣಕಾಲೂ ಜಾರುತ್ತೆ" ಎಂದು ಮುಂದಿನದಕ್ಕೆ ಹೋಗುತ್ತಿದ್ದರು. ಹೀಗೆ ಆರು ಶನಿವಾರ. ನನ್ನ ಕೆಲಸ ಹದಿನೈದು ನಿಮಿಷದ್ದು. ಆದರೂ ಸಂಜೆಯವರೆಗೆ ಕೂತಿರುತ್ತಿದ್ದೆ. ಇಂಜಿನಿಯರ್ ನನಗೊಂದು ಹೆಡ್‌ಫೋನ್ ಕೊಟ್ಟಿದ್ದ.

ಹೊಸ ಹಾಡುಗಳಲ್ಲಿ ಒಂದು ವಿಚಿತ್ರವಿತ್ತು. ಪ್ರತಿ ಚರಣದ ಕೊನೆಗೂ ಆಕೆ ಅರ್ಧ ಸಾಲಿನಷ್ಟು ಹೊತ್ತು ಸುಮ್ಮನಾಗುತ್ತಿದ್ದರು. ಗಿಟಾರು ಮಾತ್ರ ನಡೆಯುತ್ತಿತ್ತು. ಇಂಜಿನಿಯರ್ ಒಂದು ದಿನ, ಅಲ್ಲೆಲ್ಲ ಖಾಲಿ ಖಾಲಿಯಾಗಿದೆ, ಒಬ್ಬ ಒಳ್ಳೆಯ ಹಾಡುಗಾರನನ್ನು ಕರೆಸಿ ಎರಡನೇ ದನಿ ಸೇರಿಸೋಣ ಎಂದ.

"ಅದು ಖಾಲಿ ಅಲ್ಲ. ಬರೆಯುವಾಗ ಅವನಿಗೆ ಜಾಗ ಬಿಟ್ಟೇ ಬರೆದಿದ್ದೀನಿ. ನಲವತ್ತು ವರ್ಷದ ಅಭ್ಯಾಸ. ಬೇರೆಯವರನ್ನು ಕೂರಿಸಬೇಡ."

ಕೊನೆಯ ಶನಿವಾರ ಒಂದು ಹಾಡಿಗೆ ಜಾಗ ಉಳಿದಿತ್ತು. ಆಕೆ ನನ್ನ ಕಡೆ ತಿರುಗಿ, "ಹಳೇದೊಂದು ಹಾಡೋಣ ಅಂತಿದ್ದೀನಿ. ನೀನೇ ಹೇಳು" ಎಂದರು. ನಾನು ಹೇಳಬೇಕಾಗಿರಲಿಲ್ಲ.

"ಅದರಲ್ಲಿ ಅವನ ಸಾಲಿದೆಯಲ್ಲ" ಎಂದು ಗಿಟಾರಿನ ಒಂದು ತಂತಿ ಬಿಗಿ ಮಾಡಿದರು. "ನಿನಗೆ ಬರುತ್ತಲ್ಲ, ನೀನು ಹಾಡ್ತೀಯಾ?"

"ನನಗೆ ಹಾಡೋಕೆ ಬರಲ್ಲ. ಆ ಸಾಲು ಬರೋರು ಪಾರ್ಸಿಪನಿಯಲ್ಲಿದ್ದಾರೆ."

"ಲಡ್ಡು ಮನುಷ್ಯ? ಚೆನ್ನಾಗಿ ಹಾಡ್ತಾನಾ?"

"ಇಲ್ಲ. ಕೇಳೋಕಾಗಲ್ಲ."

ಆಕೆ ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೂ ಆಕೆ ನನ್ನನ್ನೇ ನೋಡುತ್ತಿದ್ದರು. ಬಲಗಿವಿಯದನ್ನೂ ತೆಗೆದು ನನ್ನ ಕೈಗೆ ಕೊಟ್ಟು, ಗಿಟಾರನ್ನು ಎದೆಗೆ ಒತ್ತಿಕೊಂಡು ಕೂತರು. ಈ ಒಂದು ಹಾಡಿಗೆ ಕಿವಿ ಬೇಡ, ಮರ ನಡುಗುವುದು ಎದೆಗೆ ತಿಳಿದರೆ ಸಾಕು ಎಂದರು.

ತುಂಬಾ ನಿಧಾನವಾಗಿ ಹಾಡಿದರು. ಬಳ್ಳಿ ಬೇಲಿಯವರೆಗೆ ಹತ್ತಿತು. ಆಮೇಲೆ ಗಿಟಾರಿನ ನಾಲ್ಕು ಮೀಟು, ದನಿಯಿಲ್ಲ. ಹೆಡ್‌ಫೋನಿನೊಳಗೆ ಆ ಜಾಗ ಬಂದಾಗ ನನಗೆ ಕ್ಯಾಸೆಟ್ಟಿನ ಗಂಡುದನಿ ನೆನಪಾಗಲಿಲ್ಲ. ಬೇಸೂರಿನ ಇನ್ನೊಂದು ದನಿ ಕೇಳಿಸಿತು, ಪಕ್ಕದ ಸೀಟಿನಲ್ಲಿ ಕೂತಿದ್ದಾರೇನೋ ಎನ್ನುವಷ್ಟು ಹತ್ತಿರದಲ್ಲಿ. ಕಿಟಕಿಯವರೆಗೆ ಬಂದಾಗಲೂ ಕೇಳಿಸಿತು. ಸೂರಿಗೆ ಬರುವ ಹೊತ್ತಿಗೆ ನಾನು ಹೆಡ್‌ಫೋನ್ ತೆಗೆದು ಹೊರಗೆ ಹೋಗಿ ಅಂಗಳದಲ್ಲಿ ನಿಂತೆ. ಡಾಗ್‌ವುಡ್ ಮರ ಹೂಬಿಟ್ಟಿತ್ತು. ಚೆನ್ನಾಗಿ ಅತ್ತೆ.

ಆಲ್ಬಮ್ ಬೇಸಿಗೆ ಮುಗಿದ ಮೇಲೆ ಬಂತು. ಊರಿನ ಲೈಬ್ರರಿಯ ಹಾಲಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಆಕೆ ಅದರ ಹಾಡುಗಳನ್ನು ಹಾಡುವುದೆಂದಾಯಿತು. ಪಾರ್ಸಿಪನಿಯಲ್ಲಿದ್ದವರಿಗೆ ತಿಳಿಸಬೇಕೋ ಬೇಡವೋ ಎಂದು ನಾನು ಒಂದು ವಾರ ಒದ್ದಾಡಿದೆ. ಕೊನೆಗೆ ಬ್ರೂಕ್ಲಿನ್‌ನಲ್ಲಿರುವ ಮಗಳಿಗೆ ಫೋನ್ ಮಾಡಿ, "ಅಪ್ಪನಿಗೆ ನೀನೇ ಒಂದು ಮಾತು ಹೇಳ್ತೀಯಾ?" ಎಂದೆ.

"ಅಮ್ಮಾ, ಯೂ ಆರ್ ಫಿಫ್ಟಿ ಫೋರ್. ಜಸ್ಟ್ ಟೆಕ್ಸ್ಟ್ ಹಿಮ್" ಎಂದಳು.

ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ ಕಳಿಸಿದ್ದು ಇಷ್ಟು: "ಕಾರಿನ ಕ್ಯಾಸೆಟ್ಟಿನವರು ಸಿಕ್ಕಿದ್ದಾರೆ. ಭಾನುವಾರ ಮೂರು ಗಂಟೆಗೆ ಹಾಡುತ್ತಾರೆ." ಕೆಳಗೆ ವಿಳಾಸ. ಉತ್ತರವಾಗಿ ಒಂದು ಹೆಬ್ಬೆರಳು ಬಂತು. ಬರುತ್ತೇನೆಂದೋ, ಓದಿದೆನೆಂದೋ ತಿಳಿಯಲಿಲ್ಲ.

ಬಂದರು. ಮೂರಕ್ಕೆ ಐದು ನಿಮಿಷವಿದ್ದಾಗ ಬಾಗಿಲಲ್ಲಿ ಕಂಡರು. ಕೂದಲು ಹಿಂದಕ್ಕೆ ಹೋಗಿತ್ತು. ಇಸ್ತ್ರಿ ಮಾಡಿದ ನೀಲಿ ಶರ್ಟು. ನನ್ನ ಪಕ್ಕದ ಕುರ್ಚಿಯ ಮೇಲೆ ನಾನು ಜಾಕೆಟ್ ಇಟ್ಟಿದ್ದೆ. ಅವರು ಅದರ ಆಚೆಯ ಕುರ್ಚಿಯಲ್ಲಿ ಕೂತರು. ಜಾಕೆಟ್ ಎತ್ತಿಕೊಳ್ಳಲೇ ಎಂದುಕೊಂಡೆ. ಅಷ್ಟರಲ್ಲಿ ಆಕೆ ವೇದಿಕೆಗೆ ಬಂದರು.

ಅರವತ್ತು ಎಪ್ಪತ್ತು ಜನರಿದ್ದರು. ಆಕೆ ಚೆನ್ನಾಗಿ ಹಾಡಿದರು, ನಡುನಡುವೆ ತಮಾಷೆ ಮಾಡಿದರು. ಕೊನೆಗೆ ಬೀನ್ಸ್ ಬಳ್ಳಿ. ಮೊದಲ ಸಾಲಿಗೇ ಇವರು ನೆಟ್ಟಗೆ ಕೂತದ್ದು ಕಂಡಿತು. ಗಿಟಾರಿನ ನಾಲ್ಕು ಮೀಟು ಬಂದಾಗ ನಾನು ಇವರ ಕಡೆ ನೋಡಿದೆ. ಇವರು ಸುಮ್ಮನಿದ್ದರು. ಎರಡನೆಯ ಸಲವೂ ಸುಮ್ಮನಿದ್ದರು. ಮೂರನೆಯ ಸಲ ತುಟಿ ಸ್ವಲ್ಪ ತೆರೆದ ಹಾಗಾಯಿತು, ಅಷ್ಟರಲ್ಲಿ ಮುಂದಿನ ಸಾಲು ಶುರುವಾಯಿತು. ಹಾಡು ಮುಗಿಯಿತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾವೂ ಎದ್ದೆವು.

ಆಮೇಲೆ ಆಕೆ ನಮ್ಮ ಹತ್ತಿರ ಬಂದು ಇವರ ಕೈ ಕುಲುಕಿ, "ನೀನೇನಾ?" ಎಂದಷ್ಟೇ ಕೇಳಿದರು. ಇವರು ಏನು ಹೇಳಬೇಕೆಂದು ತಿಳಿಯದೆ, "ನಿಮ್ಮ ಕ್ಯಾಸೆಟ್ ಹೊರಗೆ ತೆಗೆಯೋಕೆ ನಾನು ತುಂಬಾ ಟ್ರೈ ಮಾಡಿದೆ" ಎಂದರು. ಆಕೆಗೆ ಅದು ಬಹಳ ಹಿಡಿಸಿತು. ಬೇರೆ ಜನ ಸುತ್ತುಗಟ್ಟಿದ್ದರಿಂದ ನಾವು ಹೊರಗೆ ಬಂದೆವು.

ಪಾರ್ಕಿಂಗ್ ಲಾಟಿನಲ್ಲಿ ಬಿಸಿಲಿತ್ತು. ಅವರ ಕಾರು ನನ್ನದಕ್ಕಿಂತ ಎರಡು ಸಾಲು ಆಚೆ. ಆದರೂ ನನ್ನ ಕಾರಿನವರೆಗೆ ಬಂದರು.

"ತುಂಬಾ ಸ್ಲೋ ಮಾಡಿದ್ದಾರೆ. ಎಲ್ಲಿ ಸೇರ್ಕೋಬೇಕು ಅಂತ ಗೊತ್ತಾಗ್ಲಿಲ್ಲ" ಎಂದರು.

ನಾನು ಕಾರಿನ ಕೀ ಹುಡುಕುವ ನೆವದಲ್ಲಿ ಬ್ಯಾಗಿನೊಳಗೆ ನೋಡುತ್ತಿದ್ದೆ. "ಗೊತ್ತಾಗಿದ್ರೆ ಸೇರ್ಕೋತಿದ್ರಾ?" ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. "ಹೂಂ, ಸ್ಲೋ ಆಗಿದೆ" ಎಂದೆ.

"ಇನ್ನೊಂದು ವಿಷ್ಯ. ಫೋನಲ್ಲಿ ಎಡಗಿವಿಗೆ ಸರಿಯಾಗಿ ಕೇಳಿಸ್ತಿಲ್ಲ ಈಚೆಗೆ. ಯಾರಾದ್ರೂ ಒಳ್ಳೆ ಆಡಿಯಾಲಜಿಸ್ಟ್ ಗೊತ್ತಾ?"

ಅವರು ಗಂಭೀರವಾಗಿ ಕೇಳಿದರೋ ತಮಾಷೆಗೋ ಎಂದು ಮುಖ ನೋಡಿದೆ. ಎರಡೂ ಇತ್ತು.

"ಬುಧವಾರ ಹತ್ತೂವರೆಗೆ ಖಾಲಿ ಇದೆ" ಎಂದೆ.

ಬುಧವಾರ ಹತ್ತು ಇಪ್ಪತ್ತಕ್ಕೇ ಬಂದು ಹೊರಗೆ ಫಾರ್ಮು ತುಂಬುತ್ತಿದ್ದರು. ಸೌಂಡ್ ಬೂತಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಎಷ್ಟೋ ವರ್ಷದ ಮೇಲೆ ಅವರ ತಲೆ ಮುಟ್ಟಿದ್ದು ಅದೇ ಮೊದಲು. ಹೆಡ್‌ಫೋನ್ ಸರಿಮಾಡುವಷ್ಟು ಹೊತ್ತು. ಸದ್ದು ಕೇಳಿಸಿದಾಗ ಬಟನ್ ಒತ್ತುವ ಪರೀಕ್ಷೆ ಮೊದಲು ಮಾಡಿದೆ. ಗಾಜಿನಾಚೆ ಅವರು ಕಣ್ಣು ಕಿರಿದು ಮಾಡಿ, ಸ್ಕೂಲಿನ ಹುಡುಗನ ಹಾಗೆ ಕಷ್ಟಪಟ್ಟು ಆಲಿಸುತ್ತಿದ್ದರು. ಮೇಲಿನ ಸದ್ದುಗಳು ಸ್ವಲ್ಪ ಕಡಿಮೆಯಾಗಿದ್ದವು. ಹೆಚ್ಚೇನಿಲ್ಲ, ಆ ವಯಸ್ಸಿಗೆ ಆಗುವಷ್ಟು.

ಆಮೇಲೆ ಪದಗಳ ಪರೀಕ್ಷೆ. ನಾನು ಮೈಕಿನಲ್ಲಿ ಒಂದೊಂದೇ ಪದ ಹೇಳಬೇಕು, ಅವರು ಹಾಗೇ ತಿರುಗಿ ಹೇಳಬೇಕು. ಇಲ್ಲಿ ಎಲ್ಲರಿಗೂ ಮಾಡುವುದು ಇಂಗ್ಲಿಷ್ ಪದಗಳಲ್ಲಿ. ಊರಿನಿಂದ ಬರುವ ಅಜ್ಜ ಅಜ್ಜಿಯರಿಗೆಂದು ನನ್ನ ಹತ್ತಿರ ಕನ್ನಡದ ಪಟ್ಟಿಗಳೂ ಇವೆ, ಇಪ್ಪತ್ತೈದು ಪದಗಳವು. ಇವರಿಗೆ ಇಂಗ್ಲಿಷಿನಲ್ಲೇ ಮಾಡಬಹುದಿತ್ತು. ನಾನು ಕನ್ನಡದ್ದನ್ನು ತೆಗೆದುಕೊಂಡೆ. ತುಟಿ ಕಾಣದಂತೆ ಬಾಯಿಗೆ ಕಾಗದ ಅಡ್ಡ ಹಿಡಿದೆ.

"ಹಾಲು."

"ಹಾಲು" ಎಂದರು, ಆಶ್ಚರ್ಯದಿಂದ ಗಾಜಿನ ಕಡೆ ನೋಡಿ.

"ಬಾಳೆ."

"ಬಾಳೆ."

"ಬಿಸಿ."

"ಬಿಳಿ."

ತಪ್ಪು ಗುರುತು ಹಾಕಿದೆ. "ಊಟ." "ಊಟ." "ದಾರಿ." "ದಾರಿ." ನಾನು ಹೇಳಿದ್ದನ್ನು ಅವರು ಹೇಳುವುದು, ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುವುದು. ಇಷ್ಟು ಹೊತ್ತು, ಇಷ್ಟು ಗಮನವಿಟ್ಟು ನಾವು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಎಷ್ಟು ವರ್ಷವಾಗಿತ್ತೋ. ಎಡಗಿವಿಯ ಪಟ್ಟಿ ಮುಗಿಯಿತು, ಬಲಗಿವಿಯದೂ ಮುಗಿಯಿತು. ಪರೀಕ್ಷೆಗೆ ಅಷ್ಟು ಸಾಕು. ನಾನು ಮೂರನೆಯ ಪಟ್ಟಿ ತೆಗೆದೆ. ಅವರಿಗೆ ಗೊತ್ತಾಗುವುದಿಲ್ಲ ಎಂದುಕೊಂಡೆ. ಗೊತ್ತಾಯಿತೋ ಏನೋ, ಒಂದನ್ನೂ ಬಿಡದೆ ಇಪ್ಪತ್ತೈದನ್ನೂ ಹೇಳಿದರು.

"ಆಯ್ತು" ಎಂದೆ ಮೈಕಿನಲ್ಲಿ.

"ಆಯ್ತು" ಎಂದರು ಒಳಗಿನಿಂದ, ಅದೂ ಒಂದು ಪದವೆಂದು ತಿಳಿದು.

ಬೂತಿನ ಬಾಗಿಲು ತೆಗೆದು, ಗ್ರಾಫ್ ತೋರಿಸಿ ವಿವರಿಸಿದೆ. ಹಿಯರಿಂಗ್ ಏಡ್ ಈಗಲೇ ಬೇಡ, ಫೋನನ್ನು ಬಲಗಿವಿಗೆ ಇಟ್ಟುಕೊಂಡರೆ ಸಾಕು ಎಂದೆ. ಗಮನವಿಟ್ಟು ಕೇಳಿಸಿಕೊಂಡರು. ಜಾಕೆಟ್ಟಿನ ಜಿಪ್ ಎಳೆದುಕೊಳ್ಳುತ್ತ, "ಮತ್ತೆ ಯಾವಾಗ ಬರ್ಬೇಕು?" ಎಂದರು.

"ವರ್ಷಕ್ಕೊಂದು ಸಲ ನೋಡಿಸಿಕೊಂಡ್ರೆ ಸಾಕು."

"ಒಂದು ವರ್ಷಾನಾ?"

ಕಂಪ್ಯೂಟರಿನಲ್ಲಿ ಕ್ಯಾಲೆಂಡರ್ ತೆರೆದಿತ್ತು. "ಆರು ತಿಂಗಳಿಗೂ ಬರಬಹುದು" ಎಂದೆ.

ಏಪ್ರಿಲ್‌ನಲ್ಲಿ ಒಂದು ಬುಧವಾರ ಕೊಟ್ಟೆ. ಕಾರ್ಡಿನ ಮೇಲೆ ಬರೆದದ್ದನ್ನು ಎರಡು ಸಲ ಓದಿ, ಪರ್ಸಿನೊಳಗೆ ಲೈಸೆನ್ಸಿನ ಹಿಂದೆ ಇಟ್ಟುಕೊಂಡರು. ಊಟದ ಹೊತ್ತಿಗೆ ಪಾರ್ಸಿಪನಿ ಸೇರಬೇಕೆಂದು ಹೊರಟರು. ನಾನು ಮುಂದಿನ ಪೇಶಂಟನ್ನು ಒಳಗೆ ಕರೆದೆ.